ಹೊರದೇಶದಲ್ಲಿ ಮೊದಲ ಫುಟ್ಬಾಲ್ ಮ್ಯಾಚ್: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈನ ಕನ್ನಡದ ಮನೆಗಳಲ್ಲಿ ಈಗ ಮಗನೋ ಸೊಸೆಯೋ ತಮ್ಮನೋ ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇರುವುದು ಸಾಮಾನ್ಯ. ಅವರನ್ನು ನೋಡಲು ಹೊರಟವರಿಗೆ ಒಂದು ಮ್ಯಾಚನ್ನೂ ನೋಡಿ ಬರುವ ಆಸೆ. ಮಾಟುಂಗದಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ, ಡೊಂಬಿವಲಿಗೆ ಹೋಗುವ ಲೋಕಲ್‌ನಲ್ಲಿ, ಪತ್ರಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಇಂಗ್ಲೆಂಡ್ ಮತ್ತು ಜರ್ಮನಿಯ ವಿಷಯ ಜಾಸ್ತಿ ಇದೆ. ಕೇಳುವವರು ಹೆಚ್ಚಾಗಿ ಹೋಗುವುದು ಅಲ್ಲಿಗೇ.

## ಹೊರಡುವ ಮುಂಚೆ

ನಂಗೆ ಫುಟ್ಬಾಲ್ ಅಷ್ಟೇನೂ ಗೊತ್ತಿಲ್ಲ, ವರ್ಲ್ಡ್ ಕಪ್ ಬಂದಾಗ ಟಿವಿಯಲ್ಲಿ ನೋಡ್ತೀನಿ ಅಷ್ಟೆ. ಹೋದ್ರೆ ಅರ್ಥ ಆಗತ್ತಾ?

ಖಂಡಿತ ಆಗುತ್ತದೆ. ಕ್ರಿಕೆಟ್‌ಗೆ ಬೇಕಾದಷ್ಟು ನಿಯಮ ಇಲ್ಲಿ ಬೇಕಿಲ್ಲ. 45 ನಿಮಿಷದ ಎರಡು ಭಾಗ, ನಡುವೆ 15 ನಿಮಿಷ ಬಿಡುವು. ಆಟ ನಿಂತರೂ ಗಡಿಯಾರ ನಿಲ್ಲುವುದಿಲ್ಲ. ಹಾಗೆ ಕಳೆದುಹೋದ ಸಮಯವನ್ನು ರೆಫರಿ ಪ್ರತಿ ಭಾಗದ ಕೊನೆಗೆ ಸೇರಿಸುತ್ತಾರೆ.

ಆಫ್‌ಸೈಡ್ ಒಂದನ್ನು ತಿಳಿದುಕೊಂಡು ಹೋಗಿ. ಜೊತೆಯವನು ಚೆಂಡು ಕೊಡುವ ಕ್ಷಣದಲ್ಲಿ ಮುಂದೆ ನಿಂತ ಆಟಗಾರನಿಗೂ ಗೋಲಿಗೂ ನಡುವೆ ಎದುರಾಳಿಗಳು ಕನಿಷ್ಠ ಇಬ್ಬರು ಇರಬೇಕು, ಇಲ್ಲವೇ ಅವರ ಸಮಕ್ಕೆ ಇವನಿರಬೇಕು. ಆ ಇಬ್ಬರಲ್ಲಿ ಒಬ್ಬ ಸಾಮಾನ್ಯವಾಗಿ ಗೋಲ್‌ಕೀಪರ್. ಚೆಂಡಿಗಿಂತ ಹಿಂದಿದ್ದರೆ, ಅಥವಾ ತನ್ನದೇ ಅರ್ಧದಲ್ಲಿದ್ದರೆ ಆಫ್‌ಸೈಡ್ ಇಲ್ಲ. ಇಷ್ಟು ಗೊತ್ತಿದ್ದರೆ ಜನ ಯಾಕೆ ಕೂಗುತ್ತಿದ್ದಾರೆ ಅನ್ನುವುದು ಬಹುಪಾಲು ತಿಳಿಯುತ್ತದೆ.

ಮೊದಲು ಇಲ್ಲೇ ಮುಂಬೈನಲ್ಲಿ ಒಂದು ಮ್ಯಾಚ್ ನೋಡಿ ರೂಢಿ ಮಾಡ್ಕೊಂಡ್ರೆ ಹೇಗೆ?

ತುಂಬಾ ಒಳ್ಳೆಯದು, ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಚರ್ಚ್‌ಗೇಟ್‌ನಲ್ಲಿ ಇಳಿದರೆ ಕೂಪರೇಜ್ ಮೈದಾನ ಹತ್ತಿರ. ಅಲ್ಲಿ ಸ್ಥಳೀಯ ಲೀಗ್ ಪಂದ್ಯಗಳಿಗೆ ಜನ ಕಡಿಮೆ. ಹಾಗಾಗಿ ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳಿಗೆ ಕೂಗಿ ಹೇಳುವ ಪ್ರತಿ ಮಾತೂ ಕೇಳಿಸುತ್ತದೆ. ದೊಡ್ಡ ಸ್ಟೇಡಿಯಂನಲ್ಲಿ ಈ ಭಾಗ್ಯ ಇಲ್ಲ. ಅಂಧೇರಿಯ ಮುಂಬೈ ಫುಟ್ಬಾಲ್ ಅರೀನಾದಲ್ಲಿ ಮುಂಬೈ ಸಿಟಿ ತಂಡ ಆಡುತ್ತದೆ. 2018ರ ಜೂನ್‌ನಲ್ಲಿ ಖಾಲಿ ಸೀಟು ನೋಡಿ ಬೇಸತ್ತ, ಭಾರತ ತಂಡದ ಆಗಿನ ನಾಯಕ ಸುನಿಲ್ ಛೆಟ್ರಿ 'ಮೈದಾನಕ್ಕೆ ಬನ್ನಿ' ಎಂದು ವಿಡಿಯೊದಲ್ಲಿ ಕೇಳಿಕೊಂಡಿದ್ದು, ಮುಂದಿನ ಕೀನ್ಯಾ ಪಂದ್ಯಕ್ಕೆ ಸ್ಟೇಡಿಯಂ ತುಂಬಿದ್ದು ಇಲ್ಲೇ.

ಕನ್ನಡಿಗರಿಗೆ ಕೂಪರೇಜ್ ಮೇಲೆ ಇನ್ನೊಂದು ಹಕ್ಕೂ ಇದೆ. ಅಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ 1891ರಲ್ಲಿ ಶುರುವಾಗಿದ್ದು. ದಶಕಗಳ ಕಾಲ ಬ್ರಿಟಿಷ್ ಸೈನ್ಯದ ತಂಡಗಳೇ ಅದನ್ನು ಗೆಲ್ಲುತ್ತಿದ್ದವು. ಆ ಸಾಲು ಮುರಿದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಅವರೇ ಗೆದ್ದರು. ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ, ಹೇಳಬೇಕು.

ಮೇ ರಜೆಯಲ್ಲಿ ಮಗಳ ಮನೆಗೆ ಲಂಡನ್‌ಗೆ ಹೋಗ್ತೀವಿ. ಆಗ ಮ್ಯಾಚ್ ಸಿಗತ್ತಲ್ವಾ?

ಇಲ್ಲಿಯೇ ಹೆಚ್ಚಿನ ಮನೆಗಳ ಲೆಕ್ಕ ತಪ್ಪುವುದು. ನಮ್ಮ ಶಾಲೆಗಳಿಗೆ ರಜೆ ಇರುವಾಗ ಅಲ್ಲಿ ಫುಟ್ಬಾಲ್‌ಗೂ ರಜೆ. ಯೂರೋಪಿನ ಲೀಗ್‌ಗಳು ಆಗಸ್ಟ್‌ನಲ್ಲಿ ಶುರುವಾಗಿ ಮೇ ತಿಂಗಳಲ್ಲಿ ಮುಗಿಯುತ್ತವೆ. ಮೇ ಮೊದಲ ಎರಡು ವಾರದೊಳಗೆ ತಲುಪಿದರೆ ಲೀಗಿನ ಕೊನೆಯ ಪಂದ್ಯಗಳು ಸಿಗಬಹುದು, ಆದರೆ ಟಿಕೆಟ್‌ಗೆ ಆಗ ನೂಕುನುಗ್ಗಲು. ಜೂನ್‌ನಲ್ಲಿ ಹೋದರೆ ಕ್ಲಬ್‌ಗಳ ಸ್ಟೇಡಿಯಂ ಟೂರ್ ಮಾಡಿ, ಖಾಲಿ ಸೀಟುಗಳ ಮುಂದೆ ಫೋಟೊ ತೆಗೆಸಿಕೊಂಡು ಬರಬೇಕಷ್ಟೆ.

ನಮಗೆ ಹೊಂದುವುದು ದೀಪಾವಳಿ ರಜೆ ಮತ್ತು ಕ್ರಿಸ್ಮಸ್ ರಜೆ. ದೀಪಾವಳಿಯ ಹೊತ್ತಿನಲ್ಲಿ ಒಂದು ಎಚ್ಚರ ಬೇಕು: ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳಲ್ಲಿ ಮತ್ತು ಮಾರ್ಚ್‌ನಲ್ಲಿ ದೇಶಗಳ ನಡುವಿನ ಪಂದ್ಯಗಳಿಗಾಗಿ ದೊಡ್ಡ ಲೀಗ್‌ಗಳು ಕೆಲವು ವಾರಾಂತ್ಯ ನಿಲ್ಲುತ್ತವೆ. ವಿಮಾನ ಬುಕ್ ಮಾಡುವ ಮುಂಚೆ ಆ ತಾರೀಕು ನೋಡಿಕೊಳ್ಳಿ. ಕ್ರಿಸ್ಮಸ್ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹಬ್ಬದ ಹಾಗೆ ಪಂದ್ಯಗಳಿರುತ್ತವೆ. ಕೆಳ ಹಂತದ ಲೀಗ್‌ಗಳಲ್ಲಂತೂ ಡಿಸೆಂಬರ್ 26ಕ್ಕೆ ಆಡುವುದು ಹಳೆಯ ಪದ್ಧತಿ. ಜರ್ಮನಿಯಲ್ಲಿ ಉಲ್ಟಾ, ಡಿಸೆಂಬರ್ ಕೊನೆಗೆ ಅಲ್ಲಿನ ದೊಡ್ಡ ಲೀಗ್ ಬುಂಡೆಸ್‌ಲೀಗಾ ಚಳಿಗಾಲದ ಬಿಡುವಿನಲ್ಲಿರುತ್ತದೆ.

ಇಂಗ್ಲೆಂಡೋ ಜರ್ಮನಿಯೋ? ಎರಡೂ ಕಡೆ ನಂಟರಿದ್ದಾರೆ, ಯಾವ ಕಡೆ ಮ್ಯಾಚ್ ನೋಡೋದು?

ಆಟದ ವೇಗ, ಹೆಸರಾಂತ ಆಟಗಾರರು ಬೇಕೆಂದರೆ ಇಂಗ್ಲೆಂಡ್. ಕಡಿಮೆ ಖರ್ಚಿನಲ್ಲಿ ಜನಸಾಗರದ ಹಾಡು, ಬಾವುಟ, ಗದ್ದಲ ಬೇಕೆಂದರೆ ಜರ್ಮನಿ. ಮೊದಲ ಸಲಕ್ಕೆ ನನ್ನ ಮತ ಜರ್ಮನಿಗೆ.

ಅಲ್ಲಿ ಟಿಕೆಟ್ ಅಗ್ಗವಾಗಿರುವುದಕ್ಕೆ ಕಾರಣವಿದೆ. '50+1' ಎಂಬ ನಿಯಮದ ಪ್ರಕಾರ ಕ್ಲಬ್ಬಿನ ಮತಾಧಿಕಾರದಲ್ಲಿ ಹೆಚ್ಚಿನ ಪಾಲು ಸದಸ್ಯರ ಕೈಯಲ್ಲೇ ಇರಬೇಕು. ಕೆಲವೇ ಕ್ಲಬ್‌ಗಳಿಗೆ ವಿನಾಯಿತಿ ಇದೆ. ಮತ ಹಾಕುವ ಸದಸ್ಯರೇ ಟಿಕೆಟ್ ಕೊಳ್ಳುವವರೂ ಆಗಿರುವಾಗ ಬೆಲೆ ಏರಿಸುವುದು ಸುಲಭವಲ್ಲ. ನಿಂತು ನೋಡುವ ಜಾಗ ಹೆಚ್ಚಿನ ಕಡೆ 20 ಯೂರೋ ಆಸುಪಾಸಿನಲ್ಲಿ ಸಿಗುತ್ತದೆ. ಅನೇಕ ಕ್ಲಬ್‌ಗಳ ಟಿಕೆಟ್ ತೋರಿಸಿ ಅವತ್ತು ಊರಿನ ಟ್ರೇನು, ಟ್ರಾಮಿನಲ್ಲಿ ಬೇರೆ ಟಿಕೆಟ್ ಇಲ್ಲದೆ ಓಡಾಡಬಹುದು.

ಮಗ ಹಠ ಹಿಡಿದಿದ್ದಾನೆ, ನೋಡಿದ್ರೆ ಮ್ಯಾಂಚೆಸ್ಟರ್ ಯುನೈಟೆಡ್ಡೇ ನೋಡ್ಬೇಕಂತೆ. ಚಿಕ್ಕ ಕ್ಲಬ್ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು ಅಂತಾನೆ.

ಮಗನ ಆಸೆ ಅರ್ಥವಾಗುತ್ತದೆ. ಆ ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ 74,000ದಷ್ಟು ಜನ ಸೇರುತ್ತಾರೆ, ಅದನ್ನು ಕಣ್ಣಾರೆ ನೋಡುವುದೇ ಒಂದು ಅನುಭವ. ಟಿಕೆಟ್ ಸಿಕ್ಕರೆ ಕರೆದುಕೊಂಡು ಹೋಗಿ. ಸಿಗದಿದ್ದರೆ ಪ್ರವಾಸವೇ ವ್ಯರ್ಥ ಅಂದುಕೊಳ್ಳಬೇಡಿ. ದೊಡ್ಡ ಕ್ಲಬ್‌ನಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಮೇಲಿನ ಮಹಡಿಯ ಮೂಲೆ. ಚಿಕ್ಕ ಕ್ಲಬ್‌ನಲ್ಲಿ ಅದಕ್ಕಿಂತ ಕಡಿಮೆ ದುಡ್ಡಿಗೆ ಮೈದಾನದ ಅಂಚಿನಲ್ಲೇ ಕೂರಬಹುದು.

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳ ಕೆಳಗೆ ಇನ್ನೂ ಮೂರು ಲೀಗ್, ತಲಾ 24 ಕ್ಲಬ್‌ಗಳು, ಒಟ್ಟು 92. ಕೆಳಗಿನವು ಸುಮ್ನೆ ಹೆಸರಿಗಲ್ಲ. ಲಂಡನ್ನಿನ ಎಎಫ್‌ಸಿ ವಿಂಬಲ್ಡನ್ ಕ್ಲಬ್ಬನ್ನೇ ನೋಡಿ. ಹಳೆಯ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಊರಿಗೆ ಎತ್ತಿಕೊಂಡು ಹೋಗಲು 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ಆ ವರ್ಷವೇ ಹೊಸ ಕ್ಲಬ್ ಕಟ್ಟಿದರು, ತೀರಾ ಕೆಳಗಿನ ಲೀಗಿನಿಂದ ಮೇಲೆ ಬಂದರು. 2020ರಲ್ಲಿ ತಮ್ಮ ಹಳೆಯ ಪ್ಲೌ ಲೇನ್ ರಸ್ತೆಗೇ, ಹೊಸ ಸ್ಟೇಡಿಯಂ ಕಟ್ಟಿಕೊಂಡು ಮರಳಿದರು. ಅಲ್ಲಿ ಕೂತವರ ಮುಖ ನೋಡಿದರೆ ಕ್ಲಬ್ ಅಂದರೆ ಏನೆಂದು ಮಗನಿಗೆ ತಾನಾಗಿ ತಿಳಿಯುತ್ತದೆ.

ವೀಸಾ ಮೊದಲೋ ಟಿಕೆಟ್ ಮೊದಲೋ?

ವೀಸಾ ಮೊದಲು. ಮ್ಯಾಚ್ ಟಿಕೆಟ್ ಇದೆ ಅಂತ ಯಾರೂ ವೀಸಾ ಕೊಡುವುದಿಲ್ಲ. ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಹೊರಡುವ 3 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಜರ್ಮನಿ, ಸ್ಪೇನ್, ಇಟಲಿಗೆ ಷೆಂಗೆನ್ ವೀಸಾ: 6 ತಿಂಗಳ ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಒಂದರಲ್ಲಿ ಇನ್ನೊಂದು ಕಡೆಗೆ ಹೋಗಲು ಬರುವುದಿಲ್ಲ. ಲಂಡನ್, ಮ್ಯೂನಿಕ್ ಎರಡೂ ಬೇಕಾದರೆ ಎರಡೂ ವೀಸಾ ಬೇಕು, ಪಾಸ್‌ಪೋರ್ಟ್ ಒಂದೇ ಇರುವುದರಿಂದ ಒಂದಾದ ಮೇಲೆ ಒಂದು ಹಾಕಬೇಕಾಗುತ್ತದೆ. ಅದಕ್ಕೆ ಸಮಯ ಇಟ್ಟುಕೊಳ್ಳಿ.

## ಟಿಕೆಟ್ ವಿಷಯ

ಟಿಕೆಟ್ ಎಲ್ಲಿ ತಗೋಬೇಕು? ಗೂಗಲ್ ಮಾಡಿದ್ರೆ ನೂರು ಕಡೆ ತೋರಿಸತ್ತೆ.

ಕ್ಲಬ್ಬಿನ ಸ್ವಂತ ಜಾಲತಾಣದಲ್ಲಿ ಮಾತ್ರ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಹುಡುಕಿದಾಗ ಮೇಲೆ ಬರುವುದು ಹೆಚ್ಚಾಗಿ ಮರುಮಾರಾಟದವರ ಜಾಹೀರಾತು. ಅಲ್ಲಿ ಬೆಲೆ ಹಲವು ಪಟ್ಟು, ಟಿಕೆಟ್ ಕೈಗೆ ಬರುವ ಖಾತ್ರಿಯೂ ಇಲ್ಲ.

ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳಲ್ಲಿ ಹೀಗೆ ನಡೆಯುತ್ತದೆ. ಮೊದಲು ವರ್ಷದ ಮೆಂಬರ್‌ಶಿಪ್ ತಗೋಬೇಕು. ಮೆಂಬರ್ ಆದರೆ ಟಿಕೆಟ್ ಸಿಗುತ್ತದೆ ಅಂತಲ್ಲ, ಟಿಕೆಟ್ ಕೇಳುವ ಅರ್ಹತೆ ಬರುತ್ತದೆ. ಆರ್ಸೆನಲ್, ಲಿವರ್‌ಪೂಲ್‌ನಂಥ ಕಡೆ ಚೀಟಿ ಎತ್ತಿ ಕೊಡುತ್ತಾರೆ. ಚೀಟಿಯಲ್ಲಿ ಹೆಸರು ಬರದಿದ್ದರೂ ದಾರಿ ಮುಚ್ಚಿಲ್ಲ. ಸೀಸನ್ ಟಿಕೆಟ್ ಇದ್ದವರು ಬರಲಾಗದಾಗ ತಮ್ಮ ಸೀಟನ್ನು ಕ್ಲಬ್ಬಿನ ಮೂಲಕವೇ ಮೂಲ ಬೆಲೆಯ ಆಸುಪಾಸಿನಲ್ಲಿ ಬಿಟ್ಟುಕೊಡುತ್ತಾರೆ. ಪಂದ್ಯದ ಹಿಂದಿನ ವಾರದಲ್ಲಿ ಇಂಥ ಸೀಟುಗಳು ಒಂದೊಂದಾಗಿ ಬರುತ್ತವೆ, ದಿನಕ್ಕೆ ಹತ್ತು ಸಲ ನೋಡುವ ತಾಳ್ಮೆ ಬೇಕು. ಆದರೆ ಹೀಗೆ ಸಿಗುವುದು ಬಿಡಿ ಸೀಟು, ನಾಲ್ಕು ಜನರ ಕುಟುಂಬಕ್ಕೆ ಒಟ್ಟಿಗೆ ಸಿಗುವುದು ಕಷ್ಟ.

ದುಡ್ಡಿದ್ದರೆ ಊಟದ ಸಮೇತ ಹಾಸ್ಪಿಟಾಲಿಟಿ ಟಿಕೆಟ್ ಇದೆ, ದುಬಾರಿ, ಆದರೆ ಖಚಿತ. ಕೆಳ ಹಂತದ ಕ್ಲಬ್‌ಗಳಲ್ಲಿ ಈ ಯಾವ ತಲೆನೋವೂ ಇಲ್ಲ. ಹೆಸರು, ಇಮೇಲ್ ಕೊಟ್ಟರೆ ಆಯಿತು.

ಇಟಲಿಯಲ್ಲಿ ಟಿಕೆಟ್ ಮೇಲೆ ನಿಮ್ಮ ಹೆಸರೇ ಇರುತ್ತದೆ, ಗೇಟಿನಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಪಾಸ್‌ಪೋರ್ಟ್ ಹೋಟೆಲ್‌ನಲ್ಲಿ ಬಿಟ್ಟು ಹೋಗಬೇಡಿ.

ಗೇಟ್ ಹತ್ರ ಬ್ಲ್ಯಾಕ್‌ನಲ್ಲಿ ಸಿಗಲ್ವಾ? ವಾಂಖೆಡೆ ಹತ್ರ ಸಿಗತ್ತಪ್ಪ.

ಮಾರುವವರು ಸಿಗುತ್ತಾರೆ, ನೀವು ತಗೋಬೇಡಿ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್ಬಾಲ್ ಟಿಕೆಟ್ ಮಾರುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಬೇರೆ ಸಂಗೀತ ಕಾರ್ಯಕ್ರಮದ ಟಿಕೆಟ್‌ಗಿಲ್ಲದ ಈ ಬಿಗಿ ಫುಟ್ಬಾಲ್‌ಗಿದೆ. ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುವುದು ಭದ್ರತೆಯ ವಿಷಯ ಅನ್ನುವುದೇ ಕಾರಣ. ಜೊತೆಗೆ ಈಗಿನ ಟಿಕೆಟ್ ಫೋನಿನೊಳಗಿನ ಪಾಸ್. ರಸ್ತೆಯಲ್ಲಿ ಕೊಟ್ಟ ಕಾಗದ ಗೇಟಿನಲ್ಲಿ ಕೆಲಸ ಮಾಡುವುದಿಲ್ಲ. ಹೊರದೇಶದಲ್ಲಿ, ಚಳಿಯಲ್ಲಿ, ಮಕ್ಕಳನ್ನು ಕಟ್ಟಿಕೊಂಡು ಗೇಟಿನ ಹೊರಗೆ ನಿಲ್ಲುವ ಪರಿಸ್ಥಿತಿ ಯಾರಿಗೂ ಬೇಡ.

ಶನಿವಾರದ ಮ್ಯಾಚ್ ಅಂತ ಫ್ಲೈಟ್ ಬುಕ್ ಮಾಡಿದ್ವಿ. ಈಗ ನೋಡಿದ್ರೆ ಸೋಮವಾರ ಅಂತಿದೆ! ಹೀಗೂ ಆಗತ್ತಾ?

ಆಗುತ್ತದೆ, ಪದೇ ಪದೇ ಆಗುತ್ತದೆ. ಸೀಸನ್ ಶುರುವಾಗುವ ಮುಂಚೆ ಬರುವ ಪಟ್ಟಿಯಲ್ಲಿ ವಾರಾಂತ್ಯ ಮಾತ್ರ ನಂಬುವಂಥದ್ದು. ಯಾವ ದಿನ, ಎಷ್ಟು ಗಂಟೆ ಅನ್ನುವುದು ಟಿವಿಯವರು ಪಂದ್ಯ ಆರಿಸಿಕೊಂಡ ಮೇಲೆ ತೀರ್ಮಾನವಾಗುತ್ತದೆ. ಶುಕ್ರವಾರ ರಾತ್ರಿಯಿಂದ ಸೋಮವಾರ ರಾತ್ರಿವರೆಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಸ್ಪೇನ್‌ನಲ್ಲಿ ಇದು ಇನ್ನೂ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ಗುರುವಾರ ತಲುಪಿ ಮಂಗಳವಾರ ಹೊರಡುವ ಹಾಗೆ ಬುಕ್ ಮಾಡಿ.

ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆ ಫುಟ್ಬಾಲ್‌ನ ಹಳೆಯ ಹೊತ್ತು. 2.45ರಿಂದ 5.15ರವರೆಗೆ ಆ ದೇಶದ ಟಿವಿಯಲ್ಲಿ ಲೈವ್ ಪಂದ್ಯ ತೋರಿಸುವುದಿಲ್ಲ. ಜನ ಮನೆಯಲ್ಲಿ ಕೂರದೆ ತಮ್ಮೂರಿನ ಮೈದಾನಕ್ಕೆ ಹೋಗಲಿ ಎಂದು ಮಾಡಿದ ಏರ್ಪಾಡು. ಚಳಿಗಾಲದಲ್ಲಿ ನಾವು ಮುಂಬೈನಲ್ಲಿ ರಾತ್ರಿ 8.30ಕ್ಕೆ ಆರಾಮಾಗಿ ನೋಡುವ ಪಂದ್ಯವನ್ನು ಲಂಡನ್ನಿನವರು ಮನೆಯಲ್ಲಿ ನೋಡುವಂತಿಲ್ಲ.

ಯಾವ ಸೀಟು ಒಳ್ಳೇದು? ತುಂಬಾ ಮುಂದಾ, ಹಿಂದಾ?

ಮೈದಾನದ ಉದ್ದದ ಬದಿಯಲ್ಲಿ, ಹತ್ತು ಹದಿನೈದು ಸಾಲು ಮೇಲೆ. ತೀರಾ ಮುಂದಿನ ಸಾಲಿನಲ್ಲಿ ಆಚೆ ಬದಿಯ ಆಟ ತಿಳಿಯುವುದಿಲ್ಲ, ಮೇಲೆ ಚಾವಣಿ ಇದ್ದರೂ ಮಳೆ ಹೊಡೆಯುತ್ತದೆ. ಗೋಲಿನ ಹಿಂದಿನ ಸೀಟು ಅಗ್ಗ, ಹಾಡು ಕೂಗು ಎಲ್ಲ ಅಲ್ಲೇ. ವಯಸ್ಸಾದವರಿದ್ದರೆ ಅದು ಬೇಡ. ಟಿಕೆಟ್ ವಿವರದಲ್ಲಿ ನೋಟಕ್ಕೆ ಅಡ್ಡಿ ಇದೆ ಎಂದು ಬರೆದಿದ್ದರೆ ಕಂಬ ಅಡ್ಡ ಬರುತ್ತದೆ ಎಂದರ್ಥ.

## ಮ್ಯಾಚಿನ ದಿನ

ಎಷ್ಟು ಹೊತ್ತು ಮುಂಚೆ ಹೋಗ್ಬೇಕು? ಬ್ಯಾಗ್ ಬಿಡ್ತಾರಾ?

ಒಂದೂವರೆ ಗಂಟೆ ಮುಂಚೆ ಸ್ಟೇಡಿಯಂ ಹತ್ತಿರ ಇರಿ, ಮುಕ್ಕಾಲು ಗಂಟೆ ಮುಂಚೆ ಸೀಟಿನಲ್ಲಿರಿ. ಬ್ಯಾಗ್ ತರದಿರುವುದೇ ವಾಸಿ. ಇಂಗ್ಲೆಂಡಿನ ಹೆಚ್ಚಿನ ಸ್ಟೇಡಿಯಂಗಳಲ್ಲಿ ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ವಿಮಾನದಿಂದ ಇಳಿದು ಸೀದಾ ಸೂಟ್‌ಕೇಸ್ ಎಳೆದುಕೊಂಡು ಹೋಗುವ ಯೋಚನೆ ಬಿಡಿ.

ಟಿಕೆಟನ್ನು ಹೋಟೆಲ್‌ನ ವೈಫೈನಲ್ಲೇ ಫೋನಿನ ವ್ಯಾಲೆಟ್‌ಗೆ ಇಳಿಸಿಕೊಳ್ಳಿ. ಅಷ್ಟು ಜನ ಸೇರಿದಾಗ ಗೇಟಿನ ಹತ್ತಿರ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ಬ್ಯಾಟರಿ ಚಾರ್ಜ್ ಇರಲಿ. ಇಂಗ್ಲೆಂಡಿನ ಹಳೆಯ ಮೈದಾನಗಳಲ್ಲಿ ಇಟ್ಟಿಗೆ ಗೋಡೆಯೊಳಗೆ ಒಬ್ಬರೇ ತೂರುವಷ್ಟು ಸಂದು, ಅದರಲ್ಲಿ ತಿರುಗುವ ಕಬ್ಬಿಣದ ಗೇಟು ಇರುತ್ತದೆ. ದಪ್ಪ ಕೋಟು ಹಾಕಿದ್ದರೆ ಪಕ್ಕಕ್ಕೆ ತಿರುಗಿ ನುಗ್ಗಬೇಕು. ಟಿಕೆಟ್ ಮೇಲೆ ಬರೆದ ಗೇಟಿನ ಸಂಖ್ಯೆಯಲ್ಲೇ ಹೋಗಿ, ಬೇರೆ ಗೇಟು ತೆರೆಯುವುದಿಲ್ಲ.

ಯಾವ ಬಣ್ಣದ ಬಟ್ಟೆ ಹಾಕೋದು? ಜರ್ಸಿ ಹಾಕ್ಕೊಂಡು ಹೋಗ್ಬಹುದಾ?

ನೀವು ಕೂರುವ ಬದಿಯ ತಂಡದ ಜರ್ಸಿ ಆದರೆ ಧಾರಾಳವಾಗಿ. ಎದುರು ತಂಡದ ಬಣ್ಣ ಮಾತ್ರ ಬೇಡವೇ ಬೇಡ. ಯೂರೋಪಿನಲ್ಲಿ ಇದನ್ನು ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ, ಸ್ಟೀವರ್ಡ್‌ಗಳು, ಅಂದರೆ ಮೈದಾನ ನೋಡಿಕೊಳ್ಳುವ ಸಿಬ್ಬಂದಿ, ಹೊರಗೆ ಕಳಿಸಬಹುದು. ಮುಖ್ಯವಾದ ಮಾತು: ಊರಿನ ತಂಡದ ಬದಿಯಲ್ಲಿ ಕೂತು, ಬಂದ ತಂಡ ಗೋಲು ಹೊಡೆದಾಗ ಎದ್ದು ಕುಣಿದರೂ ಇದೇ ಗತಿ. ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ 4 ಗಂಟೆಯ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, 3 ಗಂಟೆಯ ಪಂದ್ಯದ ಎರಡನೇ ಭಾಗ ಪೂರ್ತಿ ದೀಪದ ಬೆಳಕಿನಲ್ಲಿ. ಎರಡು ಗಂಟೆ ಕೂತಲ್ಲೇ ಕೂತಾಗ ಚಳಿ ಕಾಲಿನಿಂದ ಹತ್ತುತ್ತದೆ. ದಪ್ಪ ಸ್ವೆಟರ್‌ಗಿಂತ ಎರಡು ಜೊತೆ ಕಾಲುಚೀಲ, ಗಟ್ಟಿ ಅಟ್ಟೆಯ ಶೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮುಂಬೈನ ಅಂಗಡಿಗಳ ಸ್ವೆಟರ್ ನಂಬಬೇಡಿ.

ನಾವು ಶುದ್ಧ ಸಸ್ಯಾಹಾರಿಗಳು. ಒಳಗೆ ತಿನ್ನೋಕೆ ಏನು ಸಿಗತ್ತೆ?

ಚಿಪ್ಸ್ ಎಲ್ಲ ಕಡೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಚೀಸ್ ಮತ್ತು ಈರುಳ್ಳಿಯ ಪೈ ಕೇಳಿ, ಬಿಸಿಯಾಗಿರುತ್ತದೆ, ಚಳಿಯಲ್ಲಿ ಹಿತ. ಬೊವ್ರಿಲ್ ಎಂಬ ಬಿಸಿ ಪೇಯವನ್ನು ಜನ ಕುಡಿಯುವುದು ಕಾಣುತ್ತದೆ. ಅದು ದನದ ಮಾಂಸದ ಸಾರದಿಂದ ಮಾಡಿದ್ದು, ಸೂಪು ಅಂದುಕೊಂಡು ತಗೋಬೇಡಿ. ಬಿಡುವಿನಲ್ಲಿ ಕ್ಯೂ ಉದ್ದ, ಆಟ ಶುರುವಾಗುವ ಮುಂಚೆಯೇ ತಿಂದುಬಿಡಿ.

ಗ್ಲೌಸ್ಟರ್‌ಶೈರ್‌ನಲ್ಲಿ ಫಾರೆಸ್ಟ್ ಗ್ರೀನ್ ರೋವರ್ಸ್ ಎಂಬ ಕ್ಲಬ್ ಇದೆ. ಅಲ್ಲಿ ಮಾಂಸ ಬಿಡಿ, ಹಾಲು ಬೆಣ್ಣೆಯೂ ಇಲ್ಲ. ಪೂರ್ತಿ ವೀಗನ್ ಕ್ಲಬ್. ಅಲ್ಲಿಗೆ ಹೋಗುವುದು ಸ್ವಲ್ಪ ಸುತ್ತು, ಆದರೆ ಆಚಾರ ಬಿಡದ ಅತ್ತೆ ಮಾವನೂ ನಿಶ್ಚಿಂತೆಯಿಂದ ತಿನ್ನಬಹುದಾದ ಮೈದಾನ.

ಅಲ್ಲಿ ಜನ ಕುಡಿದು ಗಲಾಟೆ ಮಾಡ್ತಾರಂತೆ. ಹೆಂಗಸರು, ಮಕ್ಕಳನ್ನ ಕರ್ಕೊಂಡು ಹೋಗೋದು ಸೇಫಾ?

ಈಗ ಸೇಫ್, ಫ್ಯಾಮಿಲಿ ಸೀಟುಗಳು ಇರುವ ಕಡೆ ಇನ್ನೂ ಸೇಫ್. ಇಂಗ್ಲೆಂಡಿನ ಮೇಲಿನ ಲೀಗ್‌ಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಕೂತು ಕುಡಿಯುವುದಕ್ಕೆ 1985ರಿಂದ ಕಾನೂನಿನ ತಡೆ ಇದೆ. ಒಳಗಿನ ಮೊಗಸಾಲೆಯಲ್ಲೇ ಕುಡಿದು ಬರಬೇಕು. ಜರ್ಮನಿಯಲ್ಲಿ ಸೀಟಿಗೇ ಬಿಯರ್ ತರಬಹುದು. ಲೋಟಕ್ಕೆ ಠೇವಣಿ ಇರುತ್ತದೆ, ವಾಪಸ್ ಕೊಟ್ಟರೆ ದುಡ್ಡು ಸಿಗುತ್ತದೆ. ಬೈಗುಳ ಮಾತ್ರ ಎಲ್ಲ ಕಡೆ ಕಿವಿಗೆ ಬೀಳುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಮೈಬಣ್ಣ ನೋಡಿ ಯಾರಾದರೂ ಏನಾದರೂ ಅಂದರೆ ಸುಮ್ಮನಿರಬೇಡಿ. ಇಂಗ್ಲೆಂಡಿನಲ್ಲಿ ಜನಾಂಗದ ಮೇಲೆ ಕೂಗುವುದು, ಮೈದಾನದೊಳಗೆ ನುಗ್ಗುವುದು, ವಸ್ತು ಎಸೆಯುವುದು 1991ರ ಕಾಯ್ದೆಯಡಿ ಅಪರಾಧ. ಹತ್ತಿರದ ಸ್ಟೀವರ್ಡ್‌ಗೆ ಸೀಟಿನ ಸಂಖ್ಯೆ ಸಮೇತ ಹೇಳಿ.

ಪುಟ್ಟ ಮಕ್ಕಳಿದ್ದರೆ ಮಹಿಳಾ ಲೀಗಿನ ಪಂದ್ಯ ನೋಡಿ ಎನ್ನುತ್ತೇನೆ. ಟಿಕೆಟ್ ಸುಲಭ, ಬೆಲೆ ತುಂಬಾ ಕಡಿಮೆ, ಗುಂಪು ಶಾಂತ. ಆರ್ಸೆನಲ್ ಮಹಿಳೆಯರು ಎಮಿರೇಟ್ಸ್‌ನಲ್ಲೇ ಆಡುತ್ತಾರೆ, 60,000 ಸೀಟಿನ ಸ್ಟೇಡಿಯಂ. ಲಿವರ್‌ಪೂಲ್ ಊರಿನಲ್ಲಿ 1892ರಲ್ಲಿ ಶುರುವಾದ ಗುಡಿಸನ್ ಪಾರ್ಕ್ ಮೈದಾನ ಈಗ ಎವರ್ಟನ್ ಮಹಿಳಾ ತಂಡದ ಮನೆ. 2022ರ ಮಹಿಳಾ ಯೂರೋ ಕಪ್ ಫೈನಲ್‌ಗೆ, ಇಂಗ್ಲೆಂಡ್ ಜರ್ಮನಿಯನ್ನು 2–1ರಿಂದ ಸೋಲಿಸಿದಾಗ, ವೆಂಬ್ಲಿಯಲ್ಲಿ 87,192 ಜನ ಸೇರಿದ್ದರು. ಇದನ್ನು ಎರಡನೇ ದರ್ಜೆಯ ಆಟ ಅಂತ ಯಾರೂ ಅಂದುಕೊಳ್ಳಬಾರದು.

ಸೀಟಿಗೆ ದುಡ್ಡು ಕೊಟ್ಟಿದೀವಿ, ಮುಂದಿನವರು ನಿಂತೇ ಇದ್ರೆ ಏನ್ಮಾಡೋದು?

ಗೋಲಿನ ಹಿಂದಿನ ಭಾಗದಲ್ಲಿ ಅದು ರೂಢಿ, ನೀವೂ ನಿಲ್ಲಬೇಕಾಗುತ್ತದೆ. ಕೂತೇ ನೋಡಬೇಕಾದವರು ಫ್ಯಾಮಿಲಿ ಬ್ಲಾಕ್ ಅಥವಾ ಉದ್ದದ ಬದಿಯ ಸೀಟು ತಗೋಬೇಕು.

ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ಎಲ್ಲ ಕಡೆ ಸೀಟು ಹಾಕಿರುವುದರ ಹಿಂದೆ ದೊಡ್ಡ ದುಃಖವಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನಿಂತು ನೋಡುವ ಜಾಗದಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲ್ ಅಭಿಮಾನಿಗಳು 97 ಮಂದಿ ಜೀವ ಕಳೆದುಕೊಂಡರು. ತಪ್ಪು ಅಭಿಮಾನಿಗಳದ್ದೇ ಎಂದು ವರ್ಷಗಟ್ಟಲೆ ಹೇಳಲಾಯಿತು. 2016ರಲ್ಲಿ ವಿಚಾರಣೆಯ ತೀರ್ಪುಗಾರರು ಅಭಿಮಾನಿಗಳ ತಪ್ಪಿಲ್ಲ, ಅವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಎಂದರು. ಆ ದುರಂತದ ನಂತರ ಮೇಲಿನ ಎರಡು ಹಂತದ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಕಡ್ಡಾಯವಾಯಿತು. ಪ್ರತಿ ಸಾಲಿಗೂ ಕಂಬಿ ಹಾಕಿದ, ಸುರಕ್ಷಿತವಾಗಿ ನಿಲ್ಲುವ ಜಾಗಕ್ಕೆ ಮತ್ತೆ ಅವಕಾಶ ಸಿಕ್ಕಿದ್ದು 2022ರಲ್ಲಿ. ಲಿವರ್‌ಪೂಲ್ ಕ್ಲಬ್ಬಿನ ಮೈದಾನ ಆನ್‌ಫೀಲ್ಡ್‌ಗೆ ಹೋದರೆ ಹೊರಗೆ 97 ಹೆಸರು ಕೆತ್ತಿದ ಸ್ಮಾರಕವಿದೆ. ಒಳಗೆ ಹೋಗುವ ಮುಂಚೆ ಅಲ್ಲಿ ಒಂದು ನಿಮಿಷ ನಿಲ್ಲಿ.

ಮ್ಯಾಚ್ ಮುಗಿದ ಮೇಲೆ ವಾಪಸ್ ಬರೋದು ಹೇಗೆ? ಟ್ಯಾಕ್ಸಿ ಸಿಗತ್ತಾ?

ಟ್ಯಾಕ್ಸಿ ಮರೆತುಬಿಡಿ, ಸುತ್ತಲಿನ ರಸ್ತೆಗಳನ್ನು ಮುಚ್ಚಿರುತ್ತಾರೆ. ಮೆಟ್ರೊ ಸ್ಟೇಷನ್ ಮುಂದೆ ಪೊಲೀಸರು ಗುಂಪನ್ನು ತಡೆದು ತಡೆದು ಬಿಡುತ್ತಾರೆ, ಅದು ಸಂಜೆ 6ಕ್ಕೆ ದಾದರ್ ಸೇತುವೆ ಇದ್ದ ಹಾಗೆ, ಆದರೆ ಸಾಲು ಮುರಿಯುವವರಿಲ್ಲ. ಅರ್ಧ ಗಂಟೆ ಸೀಟಿನಲ್ಲೇ ಕೂತಿದ್ದು ಹೊರಟರೆ ಅಥವಾ ಮುಂದಿನ ಸ್ಟೇಷನ್‌ವರೆಗೆ ನಡೆದರೆ ಸಲೀಸು. ರಾತ್ರಿ ಪಂದ್ಯವಾದರೆ ಬೇರೆ ಊರಿಗೆ ಕೊನೆಯ ಟ್ರೇನು ಸಿಗದೇ ಇರಬಹುದು, ಅದೇ ಊರಲ್ಲಿ ಉಳಿಯಿರಿ.

## ಒಂದೆರಡು ಮ್ಯಾಚ್ ನೋಡಿ ರೂಢಿಯಾದವರಿಗೆ

ಟಿವಿಯಲ್ಲೇ ಚೆನ್ನಾಗಿ ಕಾಣ್ತಿತ್ತು ಅನ್ನಿಸ್ತು. ಮೈದಾನದಲ್ಲಿ ಏನು ನೋಡ್ಬೇಕು ಹೇಳಿ.

ಟಿವಿ ಚೆಂಡನ್ನು ತೋರಿಸುತ್ತದೆ. ಮೈದಾನದಲ್ಲಿ ಚೆಂಡಿಲ್ಲದ ಕಡೆ ನೋಡಬೇಕು, ಅಲ್ಲಿರುವುದೇ ಸಾರ.

ವಾರ್ಮ್‌ಅಪ್‌ನಿಂದಲೇ ಶುರು ಮಾಡಿ. ಗೋಲ್‌ಕೀಪರ್‌ಗಳು ಮೊದಲು ಬರುತ್ತಾರೆ. ಅವರ ಕೋಚ್ ಹತ್ತಿರದಿಂದ ಒದೆಯುವ ಚೆಂಡುಗಳ ವೇಗ ಕಂಡರೆ ಟಿವಿಯಲ್ಲಿ 'ಅಯ್ಯೋ ಹಿಡೀಬಹುದಿತ್ತು' ಎನ್ನುವ ಮಾತು ಇನ್ನು ಬಾಯಿಗೆ ಬರುವುದಿಲ್ಲ.

ಆಟ ಶುರುವಾದ ಮೇಲೆ ನಾಲ್ಕು ಡಿಫೆಂಡರ್‌ಗಳನ್ನು ಒಟ್ಟಿಗೆ ನೋಡಿ. ಚೆಂಡು ಹಿಂದಕ್ಕೆ ಹೋದ ಕೂಡಲೇ ನಾಲ್ವರೂ ಒಂದೇ ಸಲ ಐದಾರು ಹೆಜ್ಜೆ ಮುಂದಕ್ಕೆ ಬರುತ್ತಾರೆ, ಎದುರಾಳಿಯ ಸ್ಟ್ರೈಕರ್ ಆಫ್‌ಸೈಡ್ ಆಗುತ್ತಾನೆ. ಅವನೂ ಸುಮ್ಮನೆ ನಿಂತಿರುವುದಿಲ್ಲ. ಒಬ್ಬ ಡಿಫೆಂಡರ್‌ನ ಬೆನ್ನ ಹಿಂದೆ ಸರಿಯುತ್ತಾನೆ, ಅವನು ತಿರುಗಿ ನೋಡಿದಾಗ ಇನ್ನೊಂದು ಬದಿಗೆ ಹೋಗಿರುತ್ತಾನೆ. ಈ ಆಟ 90 ನಿಮಿಷವೂ ನಡೆಯುತ್ತದೆ. ಟಿವಿಯಲ್ಲಿ ಕಾಣುವುದು ಅದರ ಕೊನೆಯ ಎರಡು ಸೆಕೆಂಡ್.

ಹತ್ತು ನಿಮಿಷ ಒಬ್ಬನೇ ಮಿಡ್‌ಫೀಲ್ಡರ್ ಮೇಲೆ ಕಣ್ಣಿಡಿ. ಚೆಂಡು ಬರುವ ಮುಂಚೆ ಅವನು ಎಷ್ಟು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾನೆ ಎಣಿಸಿ. ಒಳ್ಳೆಯ ಆಟಗಾರನ ಗುರುತು ಅದೇ. ನಿಮ್ಮ ತಂಡದ ಕಾರ್ನರ್ ಇದ್ದಾಗ ಎಲ್ಲರೂ ಗೋಲಿನ ಕಡೆ ನೋಡುತ್ತಾರೆ, ನೀವು ಹಿಂದೆ ಉಳಿದ ಇಬ್ಬರು ಎಲ್ಲಿ ನಿಂತಿದ್ದಾರೆ ನೋಡಿ. ಚೆಂಡು ಹೊರಬಿದ್ದರೆ ಆಚೆಯವರ ಓಟವನ್ನು ತಡೆಯಬೇಕಾದವರು ಅವರು.

ಮೊಬೈಲ್ ಜೇಬಿನಲ್ಲಿರಲಿ. ಮೈದಾನದಲ್ಲಿ ರೀಪ್ಲೇ ನೆಚ್ಚಿಕೊಳ್ಳುವ ಹಾಗಿಲ್ಲ.

ಡಾರ್ಟ್‌ಮಂಡ್‌ನ ಆ ಹಳದಿ ಗೋಡೆಯಲ್ಲಿ ನಿಂತು ನೋಡ್ಬೇಕು. ಸಾಧ್ಯನಾ?

ಕಷ್ಟ. ಗೋಲಿನ ಹಿಂದಿನ ಆ ಒಂದೇ ಭಾಗದಲ್ಲಿ ಹಳದಿ ಬಟ್ಟೆ ತೊಟ್ಟ ಸುಮಾರು 25,000 ಜನ ನಿಲ್ಲುತ್ತಾರೆ, ಆದರೆ ಹೆಚ್ಚಿನವರು ಸೀಸನ್ ಟಿಕೆಟ್‌ನವರು. 81,365 ಜನ ಹಿಡಿಸುವ ಸ್ಟೇಡಿಯಂ, ಬೇರೆ ಬದಿಯ ಸೀಟಿಗೆ ಪ್ರಯತ್ನಿಸಿ. ಆ ಗೋಡೆಯನ್ನು ಎದುರಿನಿಂದ ನೋಡುವುದೇ ಚೆಂದ ಎನ್ನುವುದು ನನ್ನ ಅಭಿಪ್ರಾಯ. ಒಳಗೆ ನಿಂತವರಿಗೆ ಅದು ಕಾಣುವುದಿಲ್ಲ.

ನಿಂತೇ ನೋಡುವ ಆಸೆ ಇದ್ದರೆ ಬರ್ಲಿನ್‌ನ ಯೂನಿಯನ್ ಕ್ಲಬ್‌ಗೆ ಪ್ರಯತ್ನಿಸಿ. ಕಾಡಿನ ಅಂಚಿನ ಮೈದಾನ, 22,012 ಜನ ಹಿಡಿಸುತ್ತದೆ, ಅದರಲ್ಲಿ ಸೀಟು ಒಂದು ಸಣ್ಣ ಪಾಲು ಮಾತ್ರ. 2008–09ರಲ್ಲಿ ಕ್ಲಬ್ಬಿಗೆ ದುಡ್ಡಿಲ್ಲದಾಗ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸಂಬಳ ಇಲ್ಲದೆ ಕೆಲಸ ಮಾಡಿ ಅದನ್ನು ಕಟ್ಟಿ ನಿಲ್ಲಿಸಿದರು. ಅಲ್ಲೂ ಸದಸ್ಯರಿಗೇ ಮೊದಲು, ಮುಂಚೆಯೇ ಕ್ಲಬ್ಬಿನ ಮೆಂಬರ್ ಆಗಿಬಿಡಿ.

ಡರ್ಬಿ ಮ್ಯಾಚ್, ಇಲ್ಲಾ ಹೊರಗಿಂದ ಬಂದ ತಂಡದ ಅಭಿಮಾನಿಗಳ ಜೊತೆ ಕೂತು ನೋಡೋದು, ಎರಡರಲ್ಲಿ ಒಂದಾದ್ರೂ ಆಗ್ಬೇಕು. ಹೇಗೆ?

ಡರ್ಬಿ ಅಂದರೆ ಒಂದೇ ಊರಿನ ಅಥವಾ ಅಕ್ಕಪಕ್ಕದ ತಂಡಗಳ ಪಂದ್ಯ: ಲಿವರ್‌ಪೂಲ್–ಎವರ್ಟನ್, ಆರ್ಸೆನಲ್–ಟಾಟನ್‌ಹ್ಯಾಮ್. ಇವುಗಳ ಟಿಕೆಟ್ ಹಿಂದೆ ಹಲವು ಪಂದ್ಯ ನೋಡಿದ ದಾಖಲೆ ಇರುವವರಿಗೇ ಹೋಗುತ್ತದೆ. ಹೊರಗಿಂದ ಬಂದವರ ಮೂಲೆಯ ಟಿಕೆಟ್ ಇನ್ನೂ ಕಷ್ಟ. ಪ್ರೀಮಿಯರ್ ಲೀಗ್‌ನಲ್ಲಿ ಅದಕ್ಕೆ 30 ಪೌಂಡ್ ಮಿತಿ ಇದೆ, ಬೆಲೆ ಕಡಿಮೆ ಇರುವುದರಿಂದಲೇ ಪೈಪೋಟಿ ಜಾಸ್ತಿ. ಅದನ್ನು ಆ ತಂಡದ ಕ್ಲಬ್ ತನ್ನ ಹಳೆಯ ಸದಸ್ಯರಿಗೆ ಹಂಚುತ್ತದೆ.

ಕೆಳ ಹಂತದ ಲೀಗ್‌ಗಳಲ್ಲಿ ಎರಡೂ ಸಾಧ್ಯ. ಚಿಕ್ಕ ಕ್ಲಬ್‌ಗಳ ಹೊರಗಿನ ಪಂದ್ಯಗಳಿಗೆ ಟಿಕೆಟ್ ಸಲೀಸಾಗಿ ಸಿಗುತ್ತದೆ. ಮುನ್ನೂರು ಜನ ಚಳಿಯಲ್ಲಿ ಇನ್ನೊಂದು ಊರಿಗೆ ಬಂದು ಹಾಡುವುದನ್ನು ಅವರ ನಡುವೆ ನಿಂತು ಕೇಳಬಹುದು.

ಒಂದೇ ವಾರದಲ್ಲಿ ಎರಡು ಮೂರು ಮ್ಯಾಚ್ ನೋಡೋ ಹಾಗೆ ಪ್ಲಾನ್ ಮಾಡ್ಬಹುದಾ?

ಮಾಡಬಹುದು, ಎರಡು ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಲಂಡನ್. ವೃತ್ತಿಪರ ಕ್ಲಬ್‌ಗಳು ಅಲ್ಲಿರುವಷ್ಟು ಬೇರೆಲ್ಲೂ ಸಿಗುವುದು ಕಷ್ಟ, ಮಂಗಳವಾರ ಬುಧವಾರವೂ ಯಾವುದಾದರೂ ಲೀಗಿನ ಪಂದ್ಯ ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಒಂದಾದರೂ ಫುಲ್‌ಹ್ಯಾಮ್ ಆಗಿರಲಿ. ಪಟ್ನಿ ಬ್ರಿಜ್ ಸ್ಟೇಷನ್‌ನಲ್ಲಿ ಇಳಿದು ಥೇಮ್ಸ್ ಪಕ್ಕದ ಪಾರ್ಕಿನೊಳಗೆ ನಡೆದರೆ ಮೈದಾನ. ಅಲ್ಲಿನ ಜಾನಿ ಹೇನ್ಸ್ ಸ್ಟ್ಯಾಂಡ್ 1905ರದ್ದು, ಮರದ ಸೀಟುಗಳು ಇನ್ನೂ ಉಳಿದಿವೆ.

ಇನ್ನೊಂದು ಜರ್ಮನಿಯ ಪಶ್ಚಿಮ ಭಾಗದ ರೂರ್ ಮತ್ತು ರೈನ್ ಸೀಮೆ. ಡಾರ್ಟ್‌ಮಂಡ್, ಬೋಹುಮ್, ಗೆಲ್ಸೆನ್‌ಕಿರ್ಶೆನ್, ಲೆವರ್‌ಕೂಸನ್, ಕಲೋನ್ ಎಲ್ಲ ಟ್ರೇನಿನಲ್ಲಿ ಹತ್ತಿರ ಹತ್ತಿರ. ಶುಕ್ರವಾರ ರಾತ್ರಿ ಒಂದು, ಶನಿವಾರ 3.30ಕ್ಕೆ ಒಂದು, ಭಾನುವಾರ ಒಂದು ನೋಡಿ ಮುಗಿಸಬಹುದು. ಮೊದಲನೇ ಮತ್ತು ಎರಡನೇ ಬುಂಡೆಸ್‌ಲೀಗಾ ಎರಡರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಮಧ್ಯದ ಒಂದು ಊರಲ್ಲಿ ಹೋಟೆಲ್ ಮಾಡಿ, ಅಲ್ಲಿಂದಲೇ ಹೋಗಿ ಬನ್ನಿ.